ಎದೆಬಡಿತದ ಮಾತ್ರೆ ಮತ್ತು ಅದರ ಅಳತೆ

ನಮ್ಮ ಛಂದಶ್ಶಾಸ್ತ್ರದಲ್ಲಿ ಮಾತ್ರೆಯೆಂದರೆ ಅಳತೆ; ಲಘುವಿಗೆ ಒಂದು, ಗುರುವಿಗೆ ಎರಡು. ವೈದ್ಯರು ಬರೆದುಕೊಡುವ ಗುಳಿಗೆಗೂ ಕನ್ನಡದಲ್ಲಿ ಮಾತ್ರೆಯೆಂದೇ ಹೆಸರು. ಗುಳಿಗೆಯ ಹೆಸರನ್ನು ನೆನಪಿಟ್ಟು ಅಳತೆಯನ್ನು ಮರೆಯುವವರಿಗೆ ಈ ಶಬ್ದದಲ್ಲಿಯೇ ಒಂದು ಎಚ್ಚರಿಕೆ ಅಡಗಿದೆ.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ತಿರುಗಾಡುವ ಹಿರಿಯರ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. "ನಿಮಗೆ ಬರೀ 25 ಮಿಲಿಗ್ರಾಮೇ ಸ್ವಾಮಿ? ನನಗೆ 100 ಕೊಟ್ಟಿದಾರೆ. ಆರಾಮಾಗಿದೀನಿ ನೋಡಿ!" ಈ ಹೋಲಿಕೆಯೇ ಅಪಾಯದ್ದು.

ಇವರು ಹೇಳುತ್ತಿರುವುದು ಬೀಟಾ ಬ್ಲಾಕರ್ ಎಂಬ ವರ್ಗದ ಔಷಧ. ಭಯವಾದಾಗ, ಓಡಿದಾಗ ಅಡ್ರಿನಲಿನ್ ಎಂಬ ರಸವು ಹೃದಯವನ್ನು ಅವಸರಪಡಿಸುತ್ತದೆ. ಆ ರಸ ಒಳಹೊಗುವ ಬಾಗಿಲುಗಳಿಗೆ ಈ ಔಷಧ ಅಗುಳಿ ಹಾಕುತ್ತದೆ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಅವರು 1960ರ ದಶಕದಲ್ಲಿ ಪ್ರೊಪ್ರಾನೊಲಾಲನ್ನು ರೂಪಿಸಿದರು. 1988ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಅಟೆನೊಲಾಲ್, ಮೆಟೊಪ್ರೊಲಾಲ್, ಕಾರ್ವೆಡಿಲಾಲ್ ಇವೆಲ್ಲ ಅದರ ಬಂಧುಗಳು. ಕೊನೆಯ 'ಲಾಲ್' ಇವುಗಳ ಪ್ರತ್ಯಯವೆಂದುಕೊಳ್ಳಿ.

ಭಾಮಿನಿಯ ನಡೆಗೆ ಮೂರು ನಾಲ್ಕರ ಗಣ, ವಾರ್ಧಕದ ನಡೆಗೆ ಐದರ ಗಣ. ಹಾಗೆಯೇ ರೋಗ ಬದಲಾದರೆ ಲೆಕ್ಕವೂ ಬದಲು. ಕೈನಡುಕಕ್ಕೆ ಪ್ರೊಪ್ರಾನೊಲಾಲ್ ಸಾಮಾನ್ಯವಾಗಿ 40 ಮಿಲಿಗ್ರಾಂ ದಿನಕ್ಕೆರಡು ಸಲದಿಂದ ಮೊದಲಾಗುತ್ತದೆ. ರಕ್ತದೊತ್ತಡಕ್ಕೆ, ಎದೆನೋವಿಗೆ ಕೊಡುವ ಮೆಟೊಪ್ರೊಲಾಲಿನದು ಬೇರೆ ಲೆಕ್ಕ. ತೀರ ನಾಜೂಕಾದದ್ದು ಸೋತ ಹೃದಯದ ಚಿಕಿತ್ಸೆ. ಸೋತ ಹೃದಯ ಅಡ್ರಿನಲಿನ್ನಿನ ಚಾಟಿಯೇಟಿನ ಬಲದಿಂದಲೇ ನಡೆಯುತ್ತಿರುತ್ತದೆ. ಚಾಟಿಯನ್ನು ಒಮ್ಮೆಗೇ ಕಿತ್ತುಕೊಂಡರೆ ಕುಸಿಯುತ್ತದೆ. ಆದುದರಿಂದ ಕಾರ್ವೆಡಿಲಾಲನ್ನು 3.125 ಮಿಲಿಗ್ರಾಮಿನಿಂದ, ದಿನಕ್ಕೆರಡು ಸಲ, ಊಟದೊಡನೆ ಆರಂಭಿಸಿ, ಎರಡು ವಾರಕ್ಕೊಮ್ಮೆ ತಾಳಿಕೆ ನೋಡಿ ಇಮ್ಮಡಿಸುತ್ತ, ಬಹಳ ಮಂದಿಯಲ್ಲಿ 25ರವರೆಗೆ ಒಯ್ಯುತ್ತಾರೆ. ಈ ನಡುವೆ ಕಾಲು ಊದಿದರೆ, ಉಬ್ಬಸ ಹೆಚ್ಚಿದರೆ, ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ, ಮುಂದಿನ ಭೇಟಿಯ ತನಕ ಕಾಯಬಾರದು.

ವ್ಯಕ್ತಿಯನ್ನು ನೋಡಿಯೂ ಅಳತೆ ಬದಲಾಗುತ್ತದೆ. ಅಟೆನೊಲಾಲ್ ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ, ಮೂತ್ರಪಿಂಡ ಸೊರಗಿದವರಿಗೆ ಕಡಿಮೆ ಸಾಕು. ದಮ್ಮಿನವರಿಗೆ ಪ್ರೊಪ್ರಾನೊಲಾಲ್ ಸಲ್ಲದು. ಕಣ್ಣಿನ ಒತ್ತಡಕ್ಕೆ ಬಿಡುವ ಟಿಮೊಲಾಲ್ ಹನಿಯೂ ಇದೇ ಮನೆತನದ್ದೆಂಬುದು ಹಲವರಿಗೆ ತಿಳಿಯದು. ಕಣ್ಣಿನ ವೈದ್ಯರಿಗೆ ದಮ್ಮಿನ ಸಂಗತಿಯನ್ನು ಹೇಳಲೇಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಏಕಾದಶಿ ಉಪವಾಸ ಮಾಡಿ ಸಕ್ಕರೆ ಇಳಿದರೆ, ಎಚ್ಚರಿಸಬೇಕಾದ ಎದೆಬಡಿತ, ನಡುಕಗಳನ್ನು ಈ ಔಷಧ ಮುಚ್ಚಿಬಿಡುತ್ತದೆ. ಬೆವರು ಮಾತ್ರ ಉಳಿಯುತ್ತದೆ. ಬೆವರನ್ನು ನಂಬಿರಿ. ವೆರಾಪಮಿಲ್ ಜೊತೆ ಸೇರಿದರೆ ನಾಡಿ ಅಪಾಯಕರವಾಗಿ ಇಳಿಯಬಹುದು. ಆದ್ದರಿಂದ ಬೇರೊಬ್ಬ ವೈದ್ಯರ ಬಳಿಗೆ ಹೋಗುವಾಗ ಹಳೆಯ ಚೀಟಿಗಳೂ ಜೊತೆಗಿರಲಿ.

ಅಂಗಡಿಯಲ್ಲಿ ಹೆಸರನ್ನು ಪೂರ್ತಿ ಓದಿರಿ. ಮೆಟೊಪ್ರೊಲಾಲ್ ಟಾರ್ಟ್ರೇಟ್ ಸಾಮಾನ್ಯವಾಗಿ ದಿನಕ್ಕೆರಡು ಸಲದ್ದು. ಸಕ್ಸಿನೇಟ್ ಮೆಲ್ಲಗೆ ಕರಗುವಂಥದು, ದಿನಕ್ಕೊಮ್ಮೆ. ಎರಡನೆಯದನ್ನು ಅಗಿಯಲೂ ಕೂಡದು, ಪುಡಿಮಾಡಲೂ ಕೂಡದು.

ಎಲ್ಲಕ್ಕಿಂತ ದೊಡ್ಡ ಗಂಡಾಂತರ ಥಟ್ಟನೆ ನಿಲ್ಲಿಸುವುದು. ಬಹುಕಾಲ ಅಗುಳಿ ಬಿದ್ದಿರುವಾಗ ಹೃದಯ ಹೊಸ ಬಾಗಿಲುಗಳನ್ನು ಕಟ್ಟಿಕೊಂಡಿರುತ್ತದೆ. ಔಷಧ ತಪ್ಪಿದೊಡನೆ ಎಲ್ಲ ಬಾಗಿಲುಗಳಿಂದಲೂ ಅಡ್ರಿನಲಿನ್ ನುಗ್ಗುತ್ತದೆ. ಎದೆನೋವು ಕೆರಳಬಹುದು, ಹೃದಯಾಘಾತವೂ ಆಗಬಹುದು. "ಈಗ ಒತ್ತಡ ಸರಿಹೋಗಿದೆ, ಇನ್ನೇಕೆ?" ಎನ್ನುವವರು ತಾವಾಗಿ ಬಿಡಬಾರದು, ಬಿಡುವುದಿದ್ದರೆ ವೈದ್ಯರೇ ಒಂದೆರಡು ವಾರಗಳಲ್ಲಿ ಇಳಿಸುತ್ತಾರೆ. ಮಾದಪ್ಪನ ಬೆಟ್ಟಕ್ಕೋ ತಿರುಪತಿಗೋ ಹೊರಡುವ ಮುನ್ನ ಮಾತ್ರೆಗಳನ್ನು ಎಣಿಸಿ, ನಾಲ್ಕು ದಿನದ್ದು ಹೆಚ್ಚೇ ಇಟ್ಟುಕೊಳ್ಳಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗುವುದು ಬೇಡ.

ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಲು ಕಲಿಯಿರಿ. 50ಕ್ಕಿಂತ ಇಳಿದಿದ್ದರೆ ಅಥವಾ ತಲೆ ತಿರುಗುತ್ತಿದ್ದರೆ, ಮುಂದಿನ ಮಾತ್ರೆಗೆ ಮೊದಲೇ ವೈದ್ಯರನ್ನು ಕೇಳಬೇಕು. ಪ್ರಜ್ಞೆ ತಪ್ಪಿದರೆ ನೇರ ಆಸ್ಪತ್ರೆಗೆ. ಇನ್ನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರಿಗೊಂದು ಮಾತು. ಈ ಔಷಧ ಸೇವಿಸುವವರ ನಾಡಿ ಇತರರಂತೆ ಏರುವುದಿಲ್ಲ. ಕೈಗಡಿಯಾರದ ಅಂಕಿ ನೋಡಿ ಇನ್ನೂ ವೇಗವಾಗಿ ಹತ್ತಬಹುದೆಂದು ತಿಳಿಯಬೇಡಿ. ಜೊತೆಯವರೊಡನೆ ಮಾತಾಡುತ್ತ ಹತ್ತುವಷ್ಟು ಉಸಿರಿರಲಿ. ಇಲ್ಲವಾದರೆ ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತುಕೊಳ್ಳಿ.