ಒಂದೇ ಸಭೆ, ಹಲವು ಪದ್ಧತಿ



1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ್ದ ಪಾದ್ರಿಗಳಲ್ಲಿ ಬಹುಪಾಲು ಭಾರತೀಯರು. ಪಶ್ಚಿಮದಲ್ಲಿ ಹುಟ್ಟಿದ ಒಡಕುಗಳನ್ನು ಇಲ್ಲಿಯ ಕ್ರೈಸ್ತರು ಏಕೆ ಹೊರಬೇಕು ಎಂಬುದು ಅವರ ಪ್ರಶ್ನೆ. ಆದರೂ ಒಂದಾಗಲು 28 ವರ್ಷ ಹಿಡಿಯಿತು.

ತೊಡಕು ಬಿಷಪ್ ಪದವಿಯದು. ಆಂಗ್ಲಿಕನ್ನರಿಗೆ ಬಿಷಪರಿಂದ ದೀಕ್ಷೆ ಪಡೆದವರೇ ಪಾದ್ರಿಗಳು; ಮೆಥಡಿಸ್ಟರಿಗೂ, 1908ರಲ್ಲೇ ಕೂಡಿಕೊಂಡಿದ್ದ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪಂಥದವರಿಗೂ ಅದು ಅನಿವಾರ್ಯವಲ್ಲ. ಕೊನೆಗೆ ದಾರಿ ಕಂಡಿತು: ಮುಂದಿನ ದೀಕ್ಷೆಯೆಲ್ಲ ಬಿಷಪರಿಂದ; ಈಗಾಗಲೇ ಪಾದ್ರಿಗಳಾದವರಿಗೆ ಮರುದೀಕ್ಷೆಯಿಲ್ಲ. ಅಂತಃಸಾಕ್ಷಿ ಒಪ್ಪದ ಆರಾಧನಾ ಕ್ರಮವನ್ನಾಗಲಿ, ಪಾದ್ರಿಯನ್ನಾಗಲಿ ಯಾವ ಚರ್ಚಿನ ಮೇಲೂ ಹೇರಕೂಡದು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಉದಯಿಸಿತು. ಮೈಸೂರು ಅದರ ಮೊದಲ 14 ಧರ್ಮಪ್ರಾಂತಗಳಲ್ಲೊಂದು. ನಂದ್ಯಾಲದ ಅನೇಕ ಆಂಗ್ಲಿಕನ್ನರು ಮಾತ್ರ ಆಗ ಹೊರಗೇ ಉಳಿದರು. ಐಕ್ಯವೆಂದರೆ ಎಲ್ಲರನ್ನೂ ಒಂದೇ ಅಚ್ಚಿಗೆ ಒತ್ತುವುದಲ್ಲ. ನೆರೆಯವನ ಮನಸ್ಸಾಕ್ಷಿಗೂ ಮನೆಯಲ್ಲಿ ಜಾಗ ಬಿಡುವುದು.