ಕಾಂಡ ಹೋಗಿ ಕವಲು ಉಳಿದ ಕಥೆ: ಧನುಷ್ಕೋಟಿ ರೈಲುದಾರಿ

(ಉಪನ್ಯಾಸವೊಂದರ ಬರಹ ರೂಪ)



'ಆಸೇತು ಹಿಮಾಚಲ' ಎಂಬ ಮಾತನ್ನು ನಾವು ವೇದಿಕೆಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಹಿಮಾಚಲ ಯಾವುದೆಂದು ಎಲ್ಲರಿಗೂ ಗೊತ್ತು. ಸೇತು ಇರುವುದು ರಾಮೇಶ್ವರ ದ್ವೀಪದ ಆಗ್ನೇಯ ತುದಿಯಲ್ಲಿ. ಆ ಜಾಗದ ಹೆಸರು ಧನುಷ್ಕೋಟಿ, ಅಂದರೆ ಬಿಲ್ಲಿನ ತುದಿ. ನಮ್ಮ ಹಿರಿಯರು ಇಲ್ಲಿ ಮಿಂದು, ಹಿಡಿ ಮರಳನ್ನು ಗಂಟು ಕಟ್ಟಿಕೊಂಡು ಪ್ರಯಾಗಕ್ಕೆ ಹೋಗಿ ಬಿಡುತ್ತಿದ್ದರು. ಅಲ್ಲಿಂದ ಗಂಗೆಯನ್ನು ತಂದು ರಾಮೇಶ್ವರನಿಗೆ ಅಭಿಷೇಕ ಮಾಡಿಸಿದ ಮೇಲೆಯೇ ಅವರ ಕಾಶಿಯಾತ್ರೆ ಮುಗಿಯುತ್ತಿದ್ದದ್ದು. ಆ ತುದಿಗೆ 1914ರಿಂದ 1964ರವರೆಗೆ, ಸುಮಾರು 50 ವರ್ಷ, ರೈಲು ಓಡಿತು. ಅದು ಏಕೆ ಬಂತು, ಏಕೆ ನಿಂತಿತು, ಮತ್ತೆ ಏಕೆ ಬರಲಿಲ್ಲ ಎಂಬುದೇ ಇವತ್ತಿನ ವಿಷಯ.

ಯಾತ್ರಿಕರಿಗಾಗಿ ಈ ದಾರಿ ಹಾಕಿದರೆಂದು ಯಾರಾದರೂ ಭಾವಿಸಬಹುದು. ಆದರೆ ಬ್ರಿಟಿಷರ ಕಣ್ಣು ಇದ್ದದ್ದು ಸಿಂಹಳದ ಚಹಾ ತೋಟಗಳ ಮೇಲೆ. ಆ ತೋಟಗಳಿಗೆ ತಮಿಳು ಜಿಲ್ಲೆಗಳಿಂದ ಕೂಲಿಯಾಳುಗಳು ಬೇಕಾಗಿದ್ದರು, ಅಕ್ಕಿ ಬೇಕಾಗಿತ್ತು, ಟಪಾಲು ಹೋಗಬೇಕಾಗಿತ್ತು. ಅದಕ್ಕೆ ಮೊದಲು ಮದರಾಸಿನಿಂದ ತೂತ್ತುಕುಡಿಗೆ ರೈಲಿನಲ್ಲಿ ಬಂದು, ಅಲ್ಲಿಂದ ಕೊಲಂಬೊಗೆ ಹಡಗು ಹಿಡಿಯಬೇಕಿತ್ತು. ಧನುಷ್ಕೋಟಿಯಿಂದ ಆಚೆ ದಡದ ತಲೈಮನ್ನಾರಿಗಾದರೋ ಸುಮಾರು 35 ಕಿಲೋಮೀಟರ್ ಮಾತ್ರ. ಸಮುದ್ರದ ಮೇಲೆಯೇ ಹಳಿ ಹಾಸಿ ಸಿಂಹಳವನ್ನು ಮುಟ್ಟುವ ಆಲೋಚನೆಯೂ ಇತ್ತು. ಅದು ತೀರ ದುಬಾರಿಯಾದ್ದರಿಂದ ಮಧ್ಯದ ದಾರಿ ಹಿಡಿದರು: ಪಾಂಬನ್ ಕಾಲುವೆಗೆ ಸೇತುವೆ, ಧನುಷ್ಕೋಟಿಯವರೆಗೆ ರೈಲು, ಮುಂದಕ್ಕೆ ಹಡಗು.

2 ಕಿಲೋಮೀಟರಿಗೂ ತುಸು ಹೆಚ್ಚು ಉದ್ದದ ಪಾಂಬನ್ ಸೇತುವೆ 1914ರ ಫೆಬ್ರವರಿಯಲ್ಲಿ ತೆರೆಯಿತು. ಅದರ ನಡುವೆ ಷೆರ್ಜರ್ ಮಾದರಿಯ, ಎರಡು ಭಾಗವಾಗಿ ಮೇಲೇಳುವ ಅಂಕಣವೊಂದಿತ್ತು. ಹಡಗು ಬಂದಾಗ ನೌಕರರು ಕೈಬಲದಿಂದಲೇ ಅದನ್ನು ತೆರೆಯುತ್ತಿದ್ದರು. ಮದರಾಸಿನ ಎಗ್ಮೋರಿನಲ್ಲಿ ಒಂದೇ ಟಿಕೆಟ್ ಕೊಂಡರೆ ರೈಲು, ಹಡಗು, ಮತ್ತೆ ರೈಲು ಎಂದು ಕೊಲಂಬೊ ಮುಟ್ಟಬಹುದಿತ್ತು. ಜನ ಇದನ್ನು 'ಬೋಟ್ ಮೇಲ್' ಎಂದು ಕರೆದರು. ಧನುಷ್ಕೋಟಿಯಲ್ಲಿ ನಿಲ್ದಾಣ, ಸುಂಕದ ಕಚೇರಿ, ಅಂಚೆ ಕಚೇರಿ, ಶಾಲೆ, ಗುಡಿ, ಚರ್ಚು ಎಲ್ಲ ಬೆಳೆದವು.

ಇಲ್ಲೊಂದು ಅಂಶವನ್ನು ಗಮನಿಸಬೇಕು. ಪಾಂಬನ್ನಿನಲ್ಲಿ ದಾರಿ ಎರಡಾಗಿ ಒಡೆಯುತ್ತಿತ್ತು. ಧನುಷ್ಕೋಟಿಯದು ಮುಖ್ಯ ದಾರಿ. ರಾಮೇಶ್ವರದ್ದು ಅದರ ಕವಲು. ಈಗ ಉಳಿದಿರುವುದು ಕವಲು ಮಾತ್ರ.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ದ್ವೀಪಕ್ಕೆ ಅಪ್ಪಳಿಸಿತು. ಪಾಂಬನ್–ಧನುಷ್ಕೋಟಿ ಪ್ಯಾಸೆಂಜರ್, 653ನೇ ನಂಬರಿನ ಗಾಡಿ, ನಡುರಾತ್ರಿಯ ಹೊತ್ತಿಗೆ ಪಾಂಬನ್ ಬಿಟ್ಟಿತ್ತು. ಧನುಷ್ಕೋಟಿ ಇನ್ನೇನು ಬಂತು ಎನ್ನುವಾಗ ಸಮುದ್ರದ ದೈತ್ಯ ಅಲೆ ಇಡೀ ಗಾಡಿಯನ್ನು ನುಂಗಿತು. ಸತ್ತವರು ಸುಮಾರು 115 ಮಂದಿ ಎಂದು ಲೆಕ್ಕ. ಗಾಡಿಯಲ್ಲಿದ್ದವರಲ್ಲಿ ಯಾರೂ ಬದುಕಲಿಲ್ಲ. ಊರೂ ಉಳಿಯಲಿಲ್ಲ. ಸರ್ಕಾರ ಧನುಷ್ಕೋಟಿಯನ್ನು ವಾಸಕ್ಕೆ ಯೋಗ್ಯವಲ್ಲದ ಸ್ಥಳವೆಂದು ಘೋಷಿಸಿತು.

ಅದೇ ಬಿರುಗಾಳಿ ಪಾಂಬನ್ ಸೇತುವೆಯ 126 ಗರ್ಡರುಗಳನ್ನೂ ಕೆಡವಿತ್ತು. ಆಗಿನ ತರುಣ ಎಂಜಿನಿಯರ್, ಮುಂದೆ ನಮ್ಮ ಕರಾವಳಿಗೆ ಕೊಂಕಣ ರೈಲ್ವೆಯನ್ನು ತಂದ ಇ. ಶ್ರೀಧರನ್, ಸಮುದ್ರಕ್ಕೆ ಬಿದ್ದ ಗರ್ಡರುಗಳನ್ನು ಎತ್ತಿಸಿ 46 ದಿನಗಳಲ್ಲಿ ಸೇತುವೆಯನ್ನು ಮತ್ತೆ ನಿಲ್ಲಿಸಿದರು. ಹಾಗಾದರೆ ಸಮುದ್ರದ ಮೇಲಿನ ಸೇತುವೆಯನ್ನು ಇಷ್ಟು ಬೇಗ ಕಟ್ಟಿದವರು ನೆಲದ ಮೇಲಿನ ಹಳಿಯನ್ನು ಏಕೆ ಬಿಟ್ಟರು?

ಕಾರಣ ಸರಳ. ಸೇತುವೆಯ ಆಚೆ ರಾಮೇಶ್ವರವಿತ್ತು, ದೇವಸ್ಥಾನವಿತ್ತು, ಸಾವಿರಾರು ಯಾತ್ರಿಕರಿದ್ದರು. ಧನುಷ್ಕೋಟಿಯ ಹಳಿಯ ಕೊನೆಗೆ ಊರೂ ಇರಲಿಲ್ಲ, ಬಂದರೂ ಇರಲಿಲ್ಲ. ಎರಡೂ ಕಡೆ ಸಮುದ್ರವಿರುವ ಕಿರಿದಾದ ಮರಳು ದಿಬ್ಬದ ಮೇಲೆ ಇನ್ನೊಮ್ಮೆ ಹಣ ಸುರಿಯುವುದು ಯಾರಿಗೂ ಬೇಕಾಗಲಿಲ್ಲ. ತಲೈಮನ್ನಾರಿನ ಹಡಗನ್ನು ರಾಮೇಶ್ವರಕ್ಕೆ ತಿರುಗಿಸಿದ ಮೇಲೆ ಈ ದಾರಿಯ ಕೆಲಸವೇ ಮುಗಿಯಿತು.

ಹಡಗಿಗೆ ಮಾತ್ರ ಹೊಸ ಕೆಲಸ ಕಾದಿತ್ತು. ಚಂಡಮಾರುತಕ್ಕೆ ಎರಡು ತಿಂಗಳೂ ಇಲ್ಲದಾಗ, 1964ರ ಅಕ್ಟೋಬರ್ 30ರಂದು, ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದರು. ತೋಟದ ತಮಿಳರಲ್ಲಿ 5.25 ಲಕ್ಷ ಮಂದಿಯನ್ನು ಭಾರತ ವಾಪಸು ತೆಗೆದುಕೊಳ್ಳಬೇಕೆಂದು ಅದರಲ್ಲಿತ್ತು. ಅಜ್ಜ, ಮುತ್ತಜ್ಜಂದಿರು ದಾಟಿಹೋಗಿದ್ದ ಕಡಲನ್ನು ಮೊಮ್ಮಕ್ಕಳು ಹಿಮ್ಮುಖವಾಗಿ ದಾಟಿದರು. ಅವರಲ್ಲಿ ಎಷ್ಟೋ ಜನರಿಗೆ ಭಾರತ ಕಂಡರಿಯದ ದೇಶ. ಹಾಗೆ ಬಂದ ಕೆಲವು ಕುಟುಂಬಗಳಿಗೆ ನಮ್ಮ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಇವತ್ತು ಅಲ್ಲಿ ಬೆಳಗಿನ ಜಾವ ರಬ್ಬರ್ ಹಾಲು ಇಳಿಸುವವರ ಮನೆತನದ ಕಥೆಯಲ್ಲಿ ಈ ಕಡಲ ದಾರಿ ಇದೆ. ಧನುಷ್ಕೋಟಿ ನಮಗೆ ದೂರದ ಊರೆಂದು ಹೇಳುವ ಹಾಗಿಲ್ಲ.

1980ರ ದಶಕದಲ್ಲಿ ಶ್ರೀಲಂಕೆಯ ಸಂಘರ್ಷದಿಂದ ಹಡಗೂ ನಿಂತಿತು. ಯುದ್ಧದಲ್ಲಿ ಹಾಳಾಗಿದ್ದ ತಲೈಮನ್ನಾರಿನ ರೈಲುದಾರಿಯನ್ನು ಭಾರತದ ನೆರವಿನಿಂದ ಮತ್ತೆ ಕಟ್ಟಿ, 2015ರಲ್ಲಿ ಗಾಡಿ ಬಿಡಲಾಯಿತು. ನಮ್ಮ ಕಡೆ 2017ರಲ್ಲಿ ಧನುಷ್ಕೋಟಿಯ ತುದಿಯವರೆಗೆ ಡಾಂಬರು ರಸ್ತೆಯಾಯಿತು. ರಾಮೇಶ್ವರದಿಂದ ಧನುಷ್ಕೋಟಿಗೆ ಸುಮಾರು 17 ಕಿಲೋಮೀಟರ್ ಹೊಸ ರೈಲುದಾರಿಗೆ 2019ರಲ್ಲಿ ಶಂಕುಸ್ಥಾಪನೆಯೂ ಆಯಿತು. ಹಳಿ ಮಾತ್ರ ಬಂದಿಲ್ಲ. ಹಳೆಯ ಪಾಂಬನ್ ಸೇತುವೆಯ ಮೇಲೆ 2022ರ ಡಿಸೆಂಬರಿನಲ್ಲಿ ಸಂಚಾರ ನಿಂತು, 2025ರ ಏಪ್ರಿಲ್‌ನಲ್ಲಿ ಪಕ್ಕದ ಹೊಸ ಸೇತುವೆ ತೆರೆಯಿತು.

ಹಾಗಾದರೆ ಈ ದಾರಿ ಮತ್ತೆ ಬರಬೇಕೆ? ನನ್ನ ಅಭಿಪ್ರಾಯ ಹೇಳುತ್ತೇನೆ. ತುದಿಯವರೆಗೆ ಹೋಗಿ ಸಮುದ್ರ ನೋಡಿ ಬರಲು ರಸ್ತೆ ಸಾಕು. ಬರಿಯ ಪ್ರವಾಸಿಗರಿಗೆಂದು, 1964ರ ಅಲೆ ಹಾದುಹೋದ ಮರಳಿನ ಮೇಲೆ, ಇನ್ನೊಂದು ಗಾಡಿಯನ್ನು ರಾತ್ರಿ ಹೊತ್ತು ಕಳಿಸುವ ಧೈರ್ಯ ನನಗಿಲ್ಲ. ಎರಡು ದೇಶಗಳೂ ಕೂಡಿ ಆಚೆ ದಡಕ್ಕೆ ಮತ್ತೆ ಹಡಗು ಬಿಡುವುದಾದರೆ ಮಾತು ಬೇರೆ. ಏಕೆಂದರೆ ಆ ದಾರಿಗೆ ಅರ್ಥ ಕೊಟ್ಟಿದ್ದು ಆಚೆಯ ದಡವೇ.

ರಾಮೇಶ್ವರಕ್ಕೆ ಹೋಗುವವರಿಗೆ ನನ್ನದೊಂದು ಬಿನ್ನಹ. ದರ್ಶನ ಮುಗಿಸಿ ಧನುಷ್ಕೋಟಿಗೂ ಹೋಗಿ. ಚರ್ಚಿನ ಮುರುಕು ಗೋಡೆಯ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಅಲ್ಲಿಯೇ ಹಳೆಯ ರೈಲು ನಿಲ್ದಾಣದ ಅವಶೇಷವೂ ಇದೆ. 653ನೇ ಗಾಡಿ ಬಂದು ಸೇರಬೇಕಾಗಿದ್ದ ನಿಲ್ದಾಣ ಅದು. ಅದರ ಮುಂದೆ ಒಂದು ನಿಮಿಷ ನಿಂತು ಬನ್ನಿ.