ಈಳಿಗೆಯ ಬಳಿಯ ಪ್ರಸಾದ

ಭಾಲ್ಕಿ ಸೀಮೆಯ ಶರಣ ಪರಂಪರೆಯಲ್ಲಿ ದಾಸೋಹಕ್ಕೆ ಕೂತವರು ತಾಟಿನಲ್ಲಿ ಒಂದು ಅಗುಳನ್ನೂ ಬಿಡಬಾರದೆಂಬ ನಿಷ್ಠೆ ಇದೆ. ತಾಟು ತೊಳೆದ ನೀರನ್ನೂ ಕುಡಿದು ಏಳುವವರಿದ್ದಾರೆ. ಮುಂದಿರುವುದು ಪ್ರಸಾದ ಎಂದ ಮೇಲೆ ಚೆಲ್ಲುವ ಮಾತೇ ಬರುವುದಿಲ್ಲ. ಆದರೆ ಈ ನಿಷ್ಠೆ ತಾಟಿನ ಹತ್ತಿರ ಶುರುವಾಗಿ ತಾಟಿನ ಹತ್ತಿರವೇ ಮುಗಿಯುತ್ತದೆ. ಅದಕ್ಕೂ ಮೊದಲು, ಈಳಿಗೆಯ ಬಳಿ ಏನು ನಡೆಯಿತೆಂದು ಯಾರೂ ವಿಚಾರಿಸುವುದಿಲ್ಲ. ದಸರೆ, ದೀಪಾವಳಿಯ ದಿನಗಳಲ್ಲಿ ಕುಂಬಳಕಾಯಿ ಮನೆಗೆ ಬರುತ್ತದೆ. ದೃಷ್ಟಿ ತೆಗೆದು ಬೀದಿಯಲ್ಲಿ ಒಡೆಯುವ ಬೂದುಗುಂಬಳದ ಕಥೆ ಬೇರೆ, ಅದನ್ನು ಇನ್ನೊಂದು ದಿನಕ್ಕಿಡೋಣ. ಪಲ್ಯಕ್ಕೆಂದು ತಂದ ಸಿಹಿಗುಂಬಳವನ್ನು ಹೋಳು ಮಾಡಿದ ಕೂಡಲೇ ನಾವು ಮಾಡುವ ಮೊದಲ ಕೆಲಸ, ನಡುವಿನ ಬೀಜ ಕೆರೆದು ಕಸಕ್ಕೆ ಹಾಕುವುದು. ಅನ್ನದ ಮೇಲಿನ ಗೌರವ ಇಲ್ಲಿಂದಲೇ ಶುರುವಾಗಬೇಕು ಎನ್ನುವುದು ನನ್ನ ವಾದ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಪ್ರಕಾರ, 2022ರಲ್ಲಿ ಜಗತ್ತು ಪೋಲು ಮಾಡಿದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ನೂರಕ್ಕೆ 60 ಪಾಲು ಹೋದದ್ದು ಮನೆಗಳಿಂದ. ತಿನ್ನಲು ಬಾರದ ಸಿಪ್ಪೆ, ಎಲುಬುಗಳೂ ಈ ಲೆಕ್ಕದಲ್ಲಿವೆ, ನಿಜ. ಆದರೆ ತಿನ್ನಲು ಬಾರದ್ದು ಯಾವುದೆಂದು ಗೊತ್ತುಮಾಡುವುದು ಎಷ್ಟೋ ಸಲ ಬರೀ ರೂಢಿ. ನಮ್ಮ ಕಡೆಯ ಊಟಕ್ಕೆ ಬೀಜವೇನೂ ಹೊಸದಲ್ಲ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಇಲ್ಲದೆ ಜೋಳದ ರೊಟ್ಟಿ ಸಪ್ಪೆ. ಸಜ್ಜೆ ರೊಟ್ಟಿಯ ಮೈಗೆ ಎಳ್ಳು ಅಂಟಲೇಬೇಕು. ದಖನಿ ಅಡುಗೆಯಲ್ಲಿ ಕಲ್ಲಂಗಡಿ, ಕರಬೂಜ, ಸೌತೆ, ಕುಂಬಳದ ಬೀಜಗಳ ತಿರುಳು ಮಗಜ್ ಎಂಬ ಹೆಸರಿನಲ್ಲಿ ಮೇಲೋಗರಕ್ಕೂ ಮಿಠಾಯಿಗೂ ಬೀಳುತ್ತದೆ. ಅದೇ ಕುಂಬಳದ ತಿರುಳು ಹಸಿರು ಬಣ್ಣದಲ್ಲಿ ಪ್ಯಾಕೆಟ್ ಏರಿ, ಪಂಪ್ಕಿನ್ ಸೀಡ್ಸ್ ಆಗಿ ಬಂದರೆ ಕೇಳಿದಷ್ಟು ದುಡ್ಡು ಕೊಟ್ಟು ತರುತ್ತೇವೆ. 100 ಗ್ರಾಂ ತಿರುಳಿನಲ್ಲಿ ಸುಮಾರು 30 ಗ್ರಾಂ ಪ್ರೋಟೀನು, 500 ಮಿಲಿಗ್ರಾಂಗೂ ಮಿಕ್ಕಿ ಮೆಗ್ನೀಸಿಯಂ ಇರುತ್ತದೆ. ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೂ ಇರುತ್ತದೆ, ಹಾಗಾಗಿ ಒಂದು ಹಿಡಿ ಸಾಕು. ಹಾಗೆ ನೋಡಿದರೆ ಸಿಹಿಗುಂಬಳವೇ ನಮ್ಮದಲ್ಲ, ಅಮೆರಿಕ ಖಂಡದಿಂದ ಬಂದದ್ದು. ಬೀದರಿನಲ್ಲಿ 1472ರಲ್ಲಿ ಮಹಮೂದ್ ಗವಾನ್ ಮದರಸಾ ಕಟ್ಟಿ ಮುಗಿಸಿದಾಗ ಕೊಲಂಬಸ್ ಇನ್ನೂ ಅಮೆರಿಕದತ್ತ ಹಡಗು ಹತ್ತಿರಲಿಲ್ಲ. ಆ ಮದರಸಾದ ಹುಡುಗರು ಈ ಕಾಯಿಯ ರುಚಿ ಕಂಡಿರಲು ಸಾಧ್ಯವಿಲ್ಲ. ಪರದೇಶದ ಕಾಯಿಯನ್ನು ಹಬ್ಬದ ಅಡುಗೆಗೇ ಸೇರಿಸಿಕೊಂಡವರು ಅದರ ಬೀಜವನ್ನು ಮಾತ್ರ ಏಕೆ ಹೊರಗಿಟ್ಟರೋ!

ಬೀಜ ಇರುವುದು ಬಿತ್ತಲಿಕ್ಕೆ, ತಿನ್ನಲಿಕ್ಕಲ್ಲ ಎನ್ನುವ ಆಕ್ಷೇಪವಿದೆ. ಇದು ತೂಕದ ಮಾತು. ಔರಾದ್ ಕಡೆಯ ಮಳೆಯಾಶ್ರಿತ ರೈತನಿಗೆ ಬೀಜವೆಂದರೆ ಮುಂದಿನ ವರ್ಷ. ಬೀದರಿನ ನೆರೆಯ ಜಹೀರಾಬಾದಿನಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳು ನಾಟಿ ಬೀಜಗಳನ್ನು ಕಾಪಾಡಿಕೊಂಡು ಬಂದಿದ್ದಾರೆ, ಆ ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಇಕ್ವೇಟರ್ ಪ್ರಶಸ್ತಿಯೂ ಬಂತು. ಆದರೆ ಒಂದು ಕಾಯಿಯಲ್ಲಿ ನೂರಾರು ಬೀಜ ಇರುತ್ತವೆ. ಬಲಿತ, ದಪ್ಪನೆಯ ಹತ್ತಿಪ್ಪತ್ತು ಆರಿಸಿ ಬೂದಿ ಸವರಿ ಇಟ್ಟರೆ ಹಿತ್ತಲಿಗೂ ಬದುವಿಗೂ ಸಾಕು. ಉಳಿದವು ಈಗ ಬಿತ್ತನೆಗೂ ಹೋಗುತ್ತಿಲ್ಲ, ತಿಪ್ಪೆಗೆ ಹೋಗುತ್ತಿವೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಖಾರ: ಇದೆಲ್ಲ ಕೊನೆಗೆ ಮನೆಯ ಹೆಂಗಸಿನ ತಲೆಗೇ ಬೀಳುವ ಕೆಲಸ ತಾನೇ? ಹಾಗೆ ಬೀಳುವುದಾದರೆ ಬೀಜ ಕಸಕ್ಕೆ ಹೋಗುವುದೇ ಮೇಲು. ರೊಟ್ಟಿ ಬಡಿದು ಸುಸ್ತಾದವಳಿಗೆ ಇನ್ನೊಂದು ಕೆಲಸ ಹಚ್ಚಿ ಅದಕ್ಕೆ ಸಂಸ್ಕಾರ ಎಂದು ಹೆಸರಿಡುವುದು ಸಂಸ್ಕಾರವಲ್ಲ. ಅದೃಷ್ಟಕ್ಕೆ ಈ ಕೆಲಸಕ್ಕೆ ಕೈಚಳಕ ಬೇಡ. ನೀರಿನಲ್ಲಿ ಹಿಸುಕಿ ನಾರು ಬಿಡಿಸುವುದು ಮಕ್ಕಳಿಗೆ ಆಟ. ಬಟ್ಟೆಯ ಮೇಲೆ ಹರವಿ ಒಣಗಿಸಲು, ತವಾದ ಮುಂದೆ ನಿಂತು ಕೈಯಾಡಿಸಲು ಗಂಡಸರಿಗೆ ಏನು ಧಾಡಿ?

ಸಿಪ್ಪೆ ಗಟ್ಟಿ, ಹಲ್ಲಿಗೆ ಸಿಗುವುದಿಲ್ಲ ಎನ್ನುವ ದೂರು ಹಸಿಬಿಸಿ ಹುರಿದವರದು. ಗರಿಗರಿಯಾಗಿ ಒಣಗಿದ ಬೀಜವನ್ನು ದಪ್ಪ ತವಾದಲ್ಲಿ ಸಣ್ಣ ಉರಿಯ ಮೇಲೆ ಹುರಿದರೆ ಚಟಪಟ ಎನ್ನುತ್ತ ಉಬ್ಬುತ್ತದೆ, ಸಿಪ್ಪೆ ಹಗುರಾಗುತ್ತದೆ. ಆಮೇಲೂ ಬೇಡವೆನಿಸಿದರೆ ಶೇಂಗಾದಂತೆ ಸುಲಿದು ತಿನ್ನಿ. ಕೆಳಗಿಳಿಸುವ ಹೊತ್ತಿಗೆ ನಾಲ್ಕು ಹನಿ ಎಣ್ಣೆ, ಉಪ್ಪು, ಜೀರಿಗೆ ಪುಡಿ, ಖಾರದ ಪುಡಿ ಹಾಕಿ ಕಲಸಬೇಕು. ಖಾರ ಮೊದಲೇ ಬಿದ್ದರೆ ಸೀದು ಮನೆಯವರೆಲ್ಲ ಕೆಮ್ಮುತ್ತಾರೆ. ಬೆಳ್ಳುಳ್ಳಿ ಹಾಕಿದ ಗುರೆಳ್ಳು ಹಿಂಡಿ ಇದ್ದರೆ ಒಂದು ಚಮಚ ಉದುರಿಸಿ, ಅಂಗಡಿಯ ಯಾವ ಪ್ಯಾಕೆಟ್ಟಿಗೂ ಆ ರುಚಿ ಇಲ್ಲ. ಈ ದೀಪಾವಳಿಗೆ ಮಾಡಿ ನೋಡಿ. ಕಾಯಿ ಕಹಿ ಎನಿಸಿದರೆ ಬೀಜವನ್ನೂ ಬಿಟ್ಟುಬಿಡಿ. ಬಿತ್ತನೆಗೆಂದು ಔಷಧ ಸವರಿ ಮಾರುವ ಬೀಜವನ್ನಂತೂ ಯಾವ ಕಾರಣಕ್ಕೂ ತವಾಕ್ಕೆ ಹಾಕಬೇಡಿ, ಅದು ವಿಷ.